ತಪ್ಪು ಪ್ರಿಂಟರಿನದಲ್ಲ, ಫಾರ್ಮ್ಯಾಟಿನದು

ಒಂದು ಕಚೇರಿಯಲ್ಲಿ ಚೆನ್ನಾಗಿ ಬಂದ ಕನ್ನಡ ಪ್ರಿಂಟ್ ಇನ್ನೊಂದು ಕಚೇರಿಯಲ್ಲಿ ಕೆಟ್ಟು ಬಂದರೆ ಎಲ್ಲರ ಕೈ ಮೊದಲು ಹೋಗುವುದು ಪ್ರಿಂಟರಿನ ಕಡೆಗೆ. ಟೋನರ್ ತೆಗೆದು ಅಲ್ಲಾಡಿಸುತ್ತಾರೆ, ಕೇಬಲ್ ಕಿತ್ತು ಮತ್ತೆ ಚುಚ್ಚುತ್ತಾರೆ, ಡ್ರೈವರ್ ಹೊಸದಾಗಿ ಹಾಕುತ್ತಾರೆ, ಕೊನೆಗೆ ಸರ್ವೀಸಿನವರಿಗೆ ಫೋನ್ ಹೋಗುತ್ತದೆ. ಆದರೆ ಅಕ್ಷರ ಕೆಡುವುದು, ಒತ್ತು ಕತ್ತರಿಸಿಹೋಗುವುದು, ಒಂದು ಪುಟದ ಪತ್ರ ಎರಡು ಪುಟಕ್ಕೆ ಹರಿಯುವುದು, ದಿನಾಂಕ ತಾನಾಗಿ ಬದಲಾಗುವುದು ಇವೆಲ್ಲ ಪ್ರಿಂಟರಿನ ಕಾಯಿಲೆಗಳೇ ಅಲ್ಲ. ಇವುಗಳ ಬೇರು ಇರುವುದು ಪೆನ್‌ಡ್ರೈವ್, ವಾಟ್ಸಾಪ್, ಇಮೇಲ್ ಮೂಲಕ ಕೈಯಿಂದ ಕೈಗೆ ದಾಟಿ ಬಂದ ವರ್ಡ್ ಫಾರ್ಮ್ಯಾಟಿನಲ್ಲಿ. ಆ ಫಾರ್ಮ್ಯಾಟಿಗೆ ಹೊಣೆಗಾರರು ಯಾರೂ ಇಲ್ಲ ಎಂಬುದನ್ನು ಕಂಪ್ಯೂಟರ್ ಆಪರೇಟರ್‌ಗಳ ತಲೆನೋವೆಂದು ಬಿಡದೆ ಆಡಳಿತದ ಲೋಪವೆಂದೇ ಒಪ್ಪಿಕೊಳ್ಳಬೇಕು ಎಂಬುದು ನನ್ನ ವಾದ.

ನಂಜನಗೂಡು ಮತ್ತು ತಿ.ನರಸೀಪುರ ತಾಲ್ಲೂಕುಗಳನ್ನೇ ಇಟ್ಟುಕೊಂಡು ಯೋಚಿಸೋಣ. ರಾಷ್ಟ್ರೀಯ ಹೆದ್ದಾರಿ 766 ಮೈಸೂರಿನ ಒಂದು ಕಡೆಗೆ ನಂಜನಗೂಡನ್ನೂ ಇನ್ನೊಂದು ಕಡೆಗೆ ತಿ.ನರಸೀಪುರವನ್ನೂ ಮುಟ್ಟುತ್ತದೆ. ಜಿಲ್ಲಾ ಕೇಂದ್ರದಿಂದ ಹೊರಟ ಸಭಾ ನಡವಳಿಯ ನಮೂನೆಯೋ ಶಾಲೆಗಳಿಗೆ ಕಳಿಸಿದ ಮಾಹಿತಿ ಪಟ್ಟಿಯೋ ಒಂದೇ ದಿನ ಎರಡೂ ಕಡೆ ತಲುಪುತ್ತದೆ. ಅಲ್ಲಿಂದ ಅದು ಹುಲ್ಲಹಳ್ಳಿ, ಬಿಳಿಗೆರೆ, ದೊಡ್ಡಕವಲಂದೆ ಕಡೆಗೂ ಬನ್ನೂರು, ಮೂಗೂರು, ಸೋಸಲೆ, ತಲಕಾಡು ಕಡೆಗೂ ಹೋಗುತ್ತದೆ. ಪ್ರತಿ ನಿಲುಗಡೆಯಲ್ಲಿ ಕಂಪ್ಯೂಟರ್ ಬೇರೆ, ವಿಂಡೋಸ್ ಬೇರೆ, ವರ್ಡಿನ ಆವೃತ್ತಿ ಬೇರೆ, ಹಾಕಿಕೊಂಡ ಫಾಂಟ್ ಬೇರೆ, ಪ್ರಿಂಟರ್ ಬೇರೆ. ಒಬ್ಬರು ಸಾಲು ಒತ್ತರಿಸುತ್ತಾರೆ, ಇನ್ನೊಬ್ಬರು ಮಾರ್ಜಿನ್ ಎಳೆಯುತ್ತಾರೆ, ಮತ್ತೊಬ್ಬರು ಹಳೆಯ ಪತ್ರದ ಮೇಲೇ ಹೊಸದನ್ನು ತಿದ್ದಿ ಸೇವ್ ಮಾಡಿ ಮುಂದಕ್ಕೆ ಕಳಿಸುತ್ತಾರೆ. ಹೀಗೆ ನಾಲ್ಕಾರು ಕೈ ದಾಟಿದ ಮೇಲೆ ಉಳಿಯುವುದಕ್ಕೂ ಮೈಸೂರಿನಿಂದ ಹೊರಟಿದ್ದಕ್ಕೂ ಹೆಸರಷ್ಟೇ ಸಮಾನ.

ಇದೇ ಊರುಗಳಲ್ಲಿ ಇದಕ್ಕೆ ತದ್ವಿರುದ್ಧವಾದ ಸಾಕ್ಷಿಯೂ ಇದೆ. ಹುಲ್ಲಹಳ್ಳಿಯ ರೈತ ತೆಗೆಸುವ ಪಹಣಿಯೂ ಬನ್ನೂರಿನ ರೈತ ತೆಗೆಸುವ ಪಹಣಿಯೂ ಒಂದೇ ತರಹ ಅಚ್ಚಾಗುತ್ತವೆ. ಈ ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ ಕೈಬರಹದ ಪಹಣಿಗೆ ತೆರೆ ಬಿತ್ತು. ಅಂದಿನಿಂದ ಪಹಣಿಯ ನಮೂನೆಗೆ ಒಬ್ಬನೇ ಯಜಮಾನ. ಪಂಚಾಯಿತಿಗಳ ಇ-ಸ್ವತ್ತು ನಮೂನೆ 9, ನಮೂನೆ 11ರ ಕಥೆಯೂ ಅದೇ. ಅವುಗಳ ಚೌಕಟ್ಟು ಕೇಂದ್ರದ ಸರ್ವರಿನಲ್ಲಿ ಇರುತ್ತದೆ. ಅದನ್ನು ಎಳೆದು ಅಗಲ ಮಾಡಲು ಯಾರಿಗೂ ಆಗುವುದಿಲ್ಲ. ಪ್ರಿಂಟರ್ ಅದೇ, ಆಪರೇಟರ್ ಅವರೇ, ಕರೆಂಟೂ ಅದೇ. ಅದೇ ಮೇಜಿನಲ್ಲಿ ಪಹಣಿ ಸರಿಯಾಗಿ ಬಂದು ಸಭೆಯ ನೋಟಿಸು ಕೆಡುತ್ತದೆ ಎಂದರೆ ವ್ಯತ್ಯಾಸ ಎಲ್ಲಿದೆ ಎಂದು ಬೇರೆ ಹೇಳಬೇಕಿಲ್ಲ.

ಕನ್ನಡದ ಮಟ್ಟಿಗೆ ಈ ಸಮಸ್ಯೆಗೆ ಇನ್ನೊಂದು ಪದರವಿದೆ, ಅದೇ ಎಲ್ಲಕ್ಕಿಂತ ದೊಡ್ಡದು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯೂ ಅದಕ್ಕಿಂತ ಮುಂಚೆ 1998ರಲ್ಲಿ ಬಂದ ‘ಬರಹ’ವೂ ಕನ್ನಡವನ್ನು ಕಂಪ್ಯೂಟರಿಗೆ ತಂದ ಉಪಕಾರ ಸಣ್ಣದಲ್ಲ. ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ವಿನ್ಯಾಸ ಇಂದಿಗೂ ನಮ್ಮ ಗುಮಾಸ್ತರ ಬೆರಳಿನಲ್ಲಿದೆ. ಆದರೆ ಆ ಕಾಲದ ಫಾಂಟುಗಳು ಕನ್ನಡ ಅಕ್ಷರಗಳನ್ನು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕೂರಿಸಿದವು. ಬೇರೆ ದಾರಿ ಆಗ ಇರಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ‘ನ’ ಅಕ್ಷರದ ಒಡಲು ಬ್ರಿಟಿಷ್ ಪೌಂಡಿನ ಚಿಹ್ನೆಯ ಜಾಗದಲ್ಲಿದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ ‘ನಂಜನಗೂಡು’ ಎಂಬ ಜಾಗದಲ್ಲಿ ಎರಡು ಪೌಂಡ್ ಚಿಹ್ನೆಗಳೂ ನೆತ್ತಿಯ ಮೇಲೆ ಚುಕ್ಕೆ ಗೆರೆ ಹೊತ್ತ ಪರದೇಶದ ಅಕ್ಷರಗಳೂ ಕಾಣುತ್ತವೆ. ಪ್ರಿಂಟರ್ ಅವುಗಳನ್ನು ನಿಷ್ಠೆಯಿಂದ ಅಚ್ಚು ಹಾಕುತ್ತದೆ. ಪಂಚಾಯಿತಿ ಸದಸ್ಯರ ಮೊಬೈಲಿನಲ್ಲಿ ಆ ಫಾಂಟ್ ಇರುವುದೇ ಇಲ್ಲ. ಸಭೆಯ ನೋಟಿಸು ಅವರಿಗೆ ತಲುಪಿಯೂ ತಲುಪದಂತೆ.

ಇನ್ನೂ ಸೂಕ್ಷ್ಮವಾದ ಅಪಾಯ ಫಾಂಟ್ ಇದ್ದಾಗಲೂ ಇರುತ್ತದೆ. ವರ್ಡಿಗೆ ಈ ಬರಹ ಕನ್ನಡವೆಂದು ಗೊತ್ತಿಲ್ಲ, ಅದರ ಪಾಲಿಗೆ ಇದೆಲ್ಲ ಇಂಗ್ಲಿಷ್. ಹಾಗಾಗಿ ವಾಕ್ಯದ ಮೊದಲ ಅಕ್ಷರವನ್ನು, ಕೋಷ್ಟಕದ ಮನೆಯ ಮೊದಲ ಅಕ್ಷರವನ್ನು ದೊಡ್ಡದು ಮಾಡಲು ಅದು ಹೋಗುತ್ತದೆ. ಹಳೆಯ ನುಡಿಯಲ್ಲಿ ಇಂಗ್ಲಿಷಿನ ಚಿಕ್ಕ ‘ಡಿ’ ಇದ್ದರೆ ‘ಜ’, ದೊಡ್ಡ ‘ಡಿ’ ಇದ್ದರೆ ‘ಆ’. ಸ್ವಯಂ ತಿದ್ದುಪಡಿಯನ್ನು ನಿಲ್ಲಿಸದೆ ಬಿಟ್ಟ ಕಂಪ್ಯೂಟರಿನಲ್ಲಿ ‘ಜನವರಿ’ ಹೋಗಿ ‘ಆನವರಿ’ ಆಗಬಹುದು, ‘ಜಮೀನು’ ಹೋಗಿ ‘ಆಮೀನು’ ಆಗಬಹುದು. ಬೆರಳಚ್ಚುಗಾರರು ಸರಿಯಾಗಿಯೇ ಒತ್ತಿರುತ್ತಾರೆ, ಬೈಗುಳ ಮಾತ್ರ ಅವರಿಗೆ. ಯೂನಿಕೋಡಿನಲ್ಲಿ ಈ ಪ್ರಶ್ನೆಯೇ ಹುಟ್ಟುವುದಿಲ್ಲ. 1991ರ ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗವಿತ್ತು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟಿನ ಜೊತೆ ಅದನ್ನು ಸಾಮಾನ್ಯ ಕಂಪ್ಯೂಟರಿಗೆ ತಂದಿತು. ಅದಾಗಿ ಎರಡು ದಶಕ ಕಳೆದರೂ ಹಳೆಯ ಫಾರ್ಮ್ಯಾಟುಗಳು ಹಳೆಯ ಸಂಕೇತದಲ್ಲೇ ಓಡಾಡುತ್ತಿರುವುದು ನಮ್ಮ ಉದಾಸೀನವಲ್ಲದೆ ಮತ್ತೇನು?

ಯೂನಿಕೋಡಿಗೆ ಬಂದ ಮಾತ್ರಕ್ಕೆ ಎಲ್ಲ ಮುಗಿಯಿತೆಂದು ನಾನು ಹೇಳುತ್ತಿಲ್ಲ. ಕನ್ನಡದ ಸಾಲಿಗೆ ಇಂಗ್ಲಿಷಿನ ಸಾಲಿಗಿಂತ ಹೆಚ್ಚು ಎತ್ತರ ಬೇಕು, ಏಕೆಂದರೆ ಒತ್ತುಗಳು ಕೆಳಗೆ ಇಳಿಯುತ್ತವೆ. ಪತ್ರವನ್ನು ಒಂದೇ ಪುಟಕ್ಕೆ ಕೂರಿಸಬೇಕೆಂಬ ಹಟದಲ್ಲಿ ಯಾರೋ ಸಾಲಿನ ಅಂತರವನ್ನು ‘ಎಕ್ಸಾಕ್ಟ್ಲಿ 12’ ಎಂದು ಕಟ್ಟಿಹಾಕಿರುತ್ತಾರೆ. ಅವರ ಫಾಂಟಿಗೆ ಅದು ಹೇಗೋ ಹೊಂದಿರುತ್ತದೆ. ಮುಂದಿನ ಕಚೇರಿಯಲ್ಲಿ ಫಾಂಟ್ ಬದಲಾಗಿ ತುಂಗಾ ಅಥವಾ ನಿರ್ಮಲಾ ಬಂದು ಕೂತಾಗ ಅಕ್ಷರದ ಅಡಿ ಕತ್ತರಿಸಿಹೋಗುತ್ತದೆ. ಆಗ ಹುಲ್ಲಹಳ್ಳಿ ‘ಹುಲಹಳಿ’ ಆಗುತ್ತದೆ, ಬನ್ನೂರು ‘ಬನೂರು’ ಆಗುತ್ತದೆ, ಸಿದ್ದಮ್ಮ ‘ಸಿದಮ’ ಆಗುತ್ತಾರೆ. ಊರಿನ ಹೆಸರನ್ನು ಓದುವವರು ಹೇಗೋ ಊಹಿಸಿಕೊಂಡಾರು. ಫಲಾನುಭವಿಗಳ ಪಟ್ಟಿಯಲ್ಲಿ ಮುದುಕಿಯೊಬ್ಬಳ ಹೆಸರಿನ ಒತ್ತು ಹಾರಿ ಅದು ಆಧಾರಿಗೋ ಬ್ಯಾಂಕ್ ಪಾಸ್‌ಬುಕ್ಕಿಗೋ ತಾಳೆಯಾಗದಿದ್ದರೆ ಅಲೆದಾಟ ಅವಳದ್ದು. ಫಾರ್ಮ್ಯಾಟ್ ತಿದ್ದಿದವರಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ.

ಭಾಷೆಗೆ ಸಂಬಂಧವಿಲ್ಲದ ದೋಷಗಳೂ ಇವೆ. ವರ್ಡ್ ಹಲವು ಸಲ ಅಮೆರಿಕದ ಲೆಟರ್ ಅಳತೆಯಲ್ಲಿ ಪುಟ ತೆರೆಯುತ್ತದೆ, ನಮ್ಮ ಟ್ರೇಯಲ್ಲಿರುವುದು 210ಕ್ಕೆ 297 ಮಿಲಿಮೀಟರಿನ ಎ4. ಪ್ರಿಂಟರ್ ಬೇರೆ ಹಾಳೆಗಾಗಿ ಕಾದು ಕೂತರೆ ಅದು ಕೆಟ್ಟಿತೆಂದು ತೀರ್ಪು ಹೊರಬೀಳುತ್ತದೆ. ಲೀಗಲ್ ಅಳತೆಯಲ್ಲಿ ಮಾಡಿದ ನಡವಳಿಯನ್ನು ಎ4ಗೆ ಹೊಡೆದರೆ ಕೆಳಗಿನ ಸಹಿಯ ಜಾಗ ಹಾರುತ್ತದೆ. ಮೊದಲ ಪುಟವನ್ನು ಇಂಥ ಟ್ರೇಯಿಂದಲೇ ಎಳೆಯಬೇಕೆಂದು ಫಾರ್ಮ್ಯಾಟಿನೊಳಗೆ ಬರೆದಿಟ್ಟಿದ್ದರೆ, ಆ ಟ್ರೇ ಇಲ್ಲದ ಪ್ರಿಂಟರ್ ಸುಮ್ಮನೆ ನಿಲ್ಲುತ್ತದೆ. ನೋಂದಣಿ ಕಚೇರಿಯ ಸುತ್ತಲಿನ ಪತ್ರ ಬರಹಗಾರರಿಗೆ ಈ ಅಳತೆಯ ಲೆಕ್ಕ ಚೆನ್ನಾಗಿ ಗೊತ್ತು, ಏಕೆಂದರೆ ಇ-ಸ್ಟಾಂಪ್ ಹಾಳೆಯಲ್ಲಿ ಗೆರೆಯಿಂದ ಕೆಳಗೇ ಬರಹ ಶುರುವಾಗಬೇಕು; ಒಂದು ಇಂಚು ತಪ್ಪಿದರೆ ದುಡ್ಡು ಕೊಟ್ಟು ತಂದ ಹಾಳೆ ದಂಡ.

ದಿನಾಂಕದ ವಿಚಾರವನ್ನು ಮಾತ್ರ ಹೀಗೆ ಒಂದು ಸಾಲಿನಲ್ಲಿ ದಾಟಿಹೋಗಲಾರೆ. ಅನುಕೂಲಕ್ಕೆಂದು ಫಾರ್ಮ್ಯಾಟಿನಲ್ಲಿ ತಾನಾಗಿ ಬದಲಾಗುವ ದಿನಾಂಕ ಇಟ್ಟಿರುತ್ತಾರೆ. ಮಾರ್ಚಿನಲ್ಲಿ ಕೊಟ್ಟ ನೋಟಿಸಿನ ಪ್ರತಿಯನ್ನು ಮಾಹಿತಿ ಹಕ್ಕಿನಡಿ ಯಾರೋ ಜುಲೈನಲ್ಲಿ ಕೇಳುತ್ತಾರೆ. ಫೈಲ್ ತೆರೆದು ಪ್ರಿಂಟ್ ಕೊಟ್ಟರೆ ಅದರ ಮೇಲೆ ಜುಲೈ ತಿಂಗಳ ದಿನಾಂಕ. ಯಾರೂ ಕೈಯಾರೆ ತಿದ್ದಿಲ್ಲ, ಆದರೂ ದಾಖಲೆ ಸುಳ್ಳು ಹೇಳುತ್ತಿದೆ. ನೋಟಿಸು ಕೊಟ್ಟ ದಿನದಿಂದ ಅವಧಿ ಎಣಿಸುವ ವ್ಯಾಜ್ಯಗಳಲ್ಲಿ ಇದು ಎಷ್ಟು ದೊಡ್ಡ ಪೆಟ್ಟು ಎಂಬುದನ್ನು ವಕೀಲರನ್ನು ಕೇಳಬೇಕು.

ದೋಷ ಎಲ್ಲಿದೆ ಎಂದು ಕಂಡುಹಿಡಿಯುವುದಕ್ಕೆ ತಂತ್ರಜ್ಞರು ಬೇಕಿಲ್ಲ, ಒಂದು ಕ್ರಮ ಬೇಕು. ಮೊದಲು ಖಾಲಿ ಹೊಸ ಪುಟದಲ್ಲಿ ಎರಡು ಸಾಲು ಕನ್ನಡ ಬರೆದು ಪ್ರಿಂಟ್ ಕೊಡಿ. ಅದು ಸರಿಯಾಗಿ ಬಂದರೆ ಪ್ರಿಂಟರನ್ನು ಬಿಟ್ಟುಬಿಡಿ. ಆಮೇಲೆ ಕೆಟ್ಟ ಫೈಲನ್ನೇ ಪಿಡಿಎಫ್ ಮಾಡಿ ತೆರೆದು ನೋಡಿ. ಪಿಡಿಎಫಿನಲ್ಲೂ ಅಕ್ಷರ ಕೆಟ್ಟಿದ್ದರೆ ತಪ್ಪು ಫಾರ್ಮ್ಯಾಟಿನದೋ ಫಾಂಟಿನದೋ. ಪಿಡಿಎಫ್ ಪರದೆಯ ಮೇಲೆ ಸರಿಯಿದ್ದು ಹಾಳೆಯ ಮೇಲೆ ಮಾತ್ರ ಕೆಟ್ಟರೆ ಆಗ ಡ್ರೈವರನ್ನು ಅನುಮಾನಿಸಬಹುದು. ಅದೇ ಫೈಲನ್ನು ಪಕ್ಕದ ಕಂಪ್ಯೂಟರಿನಿಂದ ಕೊಟ್ಟು ನೋಡಿದರೆ ಉಳಿದ ಸಂಶಯವೂ ಹೋಗುತ್ತದೆ. ಐದು ನಿಮಿಷದ ಈ ಕೆಲಸ ಮಾಡದೆ ಇಡೀ ಮಧ್ಯಾಹ್ನ ಪ್ರಿಂಟರ್ ಬಿಚ್ಚಿಕೊಂಡು ಕೂರುವುದು, ಹೊರಗೆ ಕಾಯುತ್ತಿರುವ ಜನರ ಹೊತ್ತನ್ನು ಹಾಳುಮಾಡುವುದು.

ಇದಕ್ಕೆ ಬರುವ ಮೊದಲ ಆಕ್ಷೇಪ: ನಮ್ಮ ಕಂಪ್ಯೂಟರಿನಲ್ಲಿ ಹಳೆಯದೇ ಚೆನ್ನಾಗಿ ನಡೆಯುತ್ತಿದೆ, ಸಾವಿರಾರು ಫೈಲುಗಳನ್ನು ಬದಲಾಯಿಸುವವರು ಯಾರು? ಸಾವಿರಾರು ಫೈಲುಗಳನ್ನು ಬದಲಾಯಿಸಬೇಕಿಲ್ಲ. ಮುಗಿದ ಪತ್ರಗಳು ಇದ್ದಲ್ಲೇ ಇರಲಿ, ಬೇಕಾದಾಗ ಪರಿವರ್ತಕದಲ್ಲಿ ಹಾಕಿ ಯೂನಿಕೋಡಿಗೆ ತರಬಹುದು. ಒಂದು ಕಚೇರಿ ದಿನಾ ಬಳಸುವ ನಮೂನೆಗಳು ಬೆರಳೆಣಿಕೆಯವು. ಅವನ್ನು ಹೊಸದಾಗಿ ಕಟ್ಟಿದರೆ ಸಾಕು. ಹಳೆಯದರ ಮೇಲೆ ತೇಪೆ ಹಾಕುವುದಕ್ಕಿಂತ ಖಾಲಿ ಪುಟದಿಂದ ಕಟ್ಟುವುದೇ ಒಳ್ಳೆಯದು, ಏಕೆಂದರೆ ಹಳೆಯ ಫೈಲಿನ ಹೊಟ್ಟೆಯಲ್ಲಿ ಯಾರ‍್ಯಾರೋ ಬಿಟ್ಟುಹೋದ ಶೈಲಿಗಳು ಅವಿತಿರುತ್ತವೆ. ಎಲ್ಲ ಸೇವೆಯೂ ಆನ್‌ಲೈನ್ ಆಗುತ್ತಿರುವಾಗ ವರ್ಡ್ ಫಾರ್ಮ್ಯಾಟಿನ ಚಿಂತೆ ಯಾಕೆ ಎನ್ನುವವರೂ ಇದ್ದಾರೆ. ಪ್ರಮಾಣಪತ್ರಗಳ ಮಟ್ಟಿಗೆ ಅವರ ಮಾತು ನಿಜ. ಆದರೆ ಗ್ರಾಮಸಭೆಯ ನೋಟಿಸು, ನಡವಳಿ, ಶಾಲೆಯ ಪ್ರಶ್ನೆಪತ್ರಿಕೆ, ಹಾಲಿನ ಸಂಘದ ವಾರ್ಷಿಕ ವರದಿ, ನಂಜುಂಡೇಶ್ವರನ ದೊಡ್ಡ ಜಾತ್ರೆಗೋ 1989ರಿಂದ ನಡೆದುಬಂದ ತಿರುಮಕೂಡಲಿನ ಕುಂಭಮೇಳಕ್ಕೋ ಹಾಕುವ ಕರ್ತವ್ಯದ ಆದೇಶ ಇವು ಯಾವುವೂ ಪೋರ್ಟಲಿನಿಂದ ಉದುರುವುದಿಲ್ಲ. ಮೇಳದಂಥ ಹೊತ್ತಿನಲ್ಲಿ ಪೊಲೀಸು, ಆರೋಗ್ಯ, ಕಂದಾಯ ಎಂದು ಹಲವು ಇಲಾಖೆಯವರು ಒಂದೇ ಕಡತವನ್ನು ಹಂಚಿಕೊಂಡು ಕೆಲಸ ಮಾಡಬೇಕಾಗುತ್ತದೆ. ಕೆಡಲು ಅದಕ್ಕಿಂತ ಪ್ರಶಸ್ತವಾದ ಸಮಯ ಮತ್ತೊಂದಿಲ್ಲ.

ಡಿಟಿಪಿ ಅಂಗಡಿಯವರ ಆಕ್ಷೇಪ ನನಗೆ ಎಲ್ಲಕ್ಕಿಂತ ನ್ಯಾಯವಾಗಿ ಕಾಣುತ್ತದೆ. ಅವರ ಪೇಜ್‌ಮೇಕರ್ ಕನ್ನಡ ಯೂನಿಕೋಡನ್ನು ಅರಿಯದು, ಅವರ ಬಳಿ ಇರುವ ಚೆಂದದ ಫಾಂಟುಗಳೆಲ್ಲ ಹಳೆಯ ಸಂಕೇತದವು. ಮದುವೆ ಕಾಗದ, ಜಾತ್ರೆಯ ಕರಪತ್ರ ಅವರ ಅಂಗಡಿಯಲ್ಲೇ ಹುಟ್ಟಿ ಅಲ್ಲೇ ಅಚ್ಚಾಗುತ್ತದೆ, ಫೈಲ್ ಬೇರೆಯವರ ಕೈಗೆ ಹೋಗುವುದಿಲ್ಲ. ಅಲ್ಲಿ ಹಳೆಯದು ಇರಲಿ. ಹಂಚಿಕೊಳ್ಳುವ ಕಡತದ ನಿಯಮ ಬೇರೆ. ಅಲ್ಲಿ ಚೆಂದಕ್ಕಿಂತ ಎಲ್ಲ ಕಡೆಯೂ ಒಂದೇ ತರಹ ಬರುವುದು ಮುಖ್ಯ. ಇನ್ನು, ಫಾಂಟಿನ ಕಾಟ ಬೇಡವೆಂದು ಇಂಗ್ಲಿಷಿನಲ್ಲೇ ಪತ್ರ ಹೊಡೆದುಬಿಡುವ ದಾರಿಯನ್ನು ಕೆಲವರು ಹಿಡಿಯುತ್ತಾರೆ. 1963ರಲ್ಲೇ ರಾಜಭಾಷಾ ಅಧಿನಿಯಮ ಮಾಡಿದ ರಾಜ್ಯದಲ್ಲಿ ಒಂದು ಕೆಟ್ಟ ಫೈಲಿನ ದೆಸೆಯಿಂದ ಹಳ್ಳಿಯ ಮನೆಗೆ ಇಂಗ್ಲಿಷ್ ನೋಟಿಸು ಹೋಗುವುದನ್ನು ನಾನು ಒಪ್ಪಲಾರೆ. ಅದು ಓದುವವನ ಹಕ್ಕನ್ನು ಬರೆಯುವವನ ಸೌಕರ್ಯಕ್ಕೆ ಮಾರಿಬಿಟ್ಟಂತೆ.

ಸಿಬ್ಬಂದಿಗೆ ತರಬೇತಿ ಇಲ್ಲ, ಆಪರೇಟರ್‌ಗಳು ಹೊರಗುತ್ತಿಗೆಯವರು, ಇಂದು ಇದ್ದವರು ನಾಳೆ ಇರುವುದಿಲ್ಲ ಎಂಬ ಮಾತೂ ಇದೆ. ಫಾರ್ಮ್ಯಾಟನ್ನು ಗಟ್ಟಿಮಾಡಬೇಕಾಗಿರುವುದು ಆ ಕಾರಣಕ್ಕೇ. ಮೂಲ ಕಡತವನ್ನು ಟೆಂಪ್ಲೇಟ್ ರೂಪದಲ್ಲಿ ಉಳಿಸಿದರೆ ತೆರೆದಾಗಲೆಲ್ಲ ಹೊಸ ಪ್ರತಿ ಹುಟ್ಟುತ್ತದೆ, ಮೂಲ ಕೆಡುವುದಿಲ್ಲ. ತುಂಬುವ ಜಾಗಗಳನ್ನು ಬಿಟ್ಟು ಉಳಿದುದಕ್ಕೆ ಬೀಗ ಹಾಕಬಹುದು. ಪರವಾನಗಿ ಬಿಟ್ಟರೆ ಫಾಂಟನ್ನು ಫೈಲಿನೊಳಗೇ ಹುದುಗಿಸಬಹುದು. ನೋಟೋ ಕನ್ನಡದಂಥ ಫಾಂಟುಗಳು ಮುಕ್ತ ಪರವಾನಗಿಯವು, ದುಡ್ಡು ಕೇಳುವುದಿಲ್ಲ. ಸಹಿಯಾದ ಮೇಲೆ ಹೊರಗೆ ಹೋಗುವುದು ಪಿಡಿಎಫ್ ಮಾತ್ರ ಆಗಿರಲಿ, ತಿದ್ದುವ ಪ್ರತಿ ಕಚೇರಿಯೊಳಗೆ ಇರಲಿ. ಜಿಲ್ಲಾ ಕೇಂದ್ರದಿಂದ ಹೊಸ ನಮೂನೆ ಹೊರಡುವ ಮುನ್ನ ದೊಡ್ಡಕವಲಂದೆ ಕಡೆಯ ಒಂದು ಪಂಚಾಯಿತಿಯಲ್ಲೂ ಮೂಗೂರು ಕಡೆಯ ಒಂದು ಶಾಲೆಯಲ್ಲೂ, ಅಲ್ಲಿರುವ ಹಳೆಯ ಕಂಪ್ಯೂಟರಿನಲ್ಲೇ, ಪ್ರಿಂಟ್ ತೆಗೆದು ನೋಡಲಿ. ಪುಟದ ಅಡಿಯಲ್ಲಿ ಆವೃತ್ತಿಯ ಸಂಖ್ಯೆ, ಅದು ಜಾರಿಗೆ ಬಂದ ದಿನಾಂಕ ಮತ್ತು ದೋಷ ಕಂಡರೆ ತಿಳಿಸಬೇಕಾದ ಅಧಿಕಾರಿಯ ಹುದ್ದೆ ಅಚ್ಚಾಗಿರಲಿ.