ಟಾಟಾ ಇನ್‌ಸ್ಟಿಟ್ಯೂಟಿನ ಹುಡುಗರು

ಬೆಂಗಳೂರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳ ಬಗ್ಗೆ ಮೂರು ಮಾತುಗಳು ಚಾಲ್ತಿಯಲ್ಲಿವೆ. ಅವರು ನಿದ್ದೆಗೆಟ್ಟು ದುಡಿಯುತ್ತಾರೆ. ಅವರಿಗೆ ಆಟಪಾಟ ಗೊತ್ತಿಲ್ಲ. ಅವರೆಲ್ಲ ಹುಟ್ಟು ಮೇಧಾವಿಗಳು. ವಿಜ್ಞಾನದ ಮೇಷ್ಟರಾದ ನನಗೆ ಯಾವ ಮಾತನ್ನೂ ಒರೆಗೆ ಹಚ್ಚದೆ ಒಪ್ಪಿ ಅಭ್ಯಾಸವಿಲ್ಲ.

ಮೊದಲನೆಯದರಲ್ಲಿ ನಿಜವಿದೆ. ಪ್ರಯೋಗಕ್ಕೆ ಹಗಲು ರಾತ್ರಿ ಒಂದೇ, ಮುಗಿಯುವವರೆಗೆ ಕಾಯಲೇಬೇಕು. ಎರಡನೆಯದು ಶುದ್ಧ ಸುಳ್ಳು. ಅಲ್ಲಿ ಜಿಮ್ಖಾನಾ ಇದೆ, ಸಂಗೀತದ ಗುಂಪು ಇದೆ, ಕನ್ನಡ ಸಂಘವೂ ಇದೆ.

ಅಪಾಯವಿರುವುದು ಮೂರನೆಯದರಲ್ಲಿ. ಕೇಳಲು ಹೊಗಳಿಕೆ, ಆದರೆ “ಅದು ನಮ್ಮಂಥವರಿಗಲ್ಲ ಸಾರ್” ಎಂದು ಚುರುಕಾದ ಮಕ್ಕಳೂ ಅರ್ಜಿ ಹಾಕುವ ಮೊದಲೇ ಹಿಂದೆ ಸರಿಯುತ್ತಾರೆ. ಯಾರು ಅಲ್ಲಿಗೆ ತಕ್ಕವರೆಂದು ಮುಂಚೆಯೇ ತೀರ್ಮಾನಿಸುವ ಚಟ ದೊಡ್ಡವರನ್ನೂ ಬಿಟ್ಟಿಲ್ಲ. 1933ರಲ್ಲಿ ನಿರ್ದೇಶಕರಾಗಿದ್ದ ಸಿ.ವಿ. ರಾಮನ್, ಹೆಣ್ಣೆಂಬ ಕಾರಣಕ್ಕೆ ಕಮಲಾ ಭಾಗವತರಿಗೆ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡಲಿಲ್ಲ. ಷರತ್ತುಗಳಿಗೆ ಒಪ್ಪಿ ಸೇರಿ, ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನಿನ ಮೇಲೆ ಸಂಶೋಧನೆ ನಡೆಸಿದರು. 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಕಮಲಾ ಸೊಹೊನಿ ಎಂದು ಮುಂದೆ ಹೆಸರಾದವರು ಅವರೇ.

2011ರಿಂದ ಪಿ.ಯು.ಸಿ. ಮುಗಿಸಿದವರಿಗೂ ಅಲ್ಲಿ ನಾಲ್ಕು ವರ್ಷದ ಪದವಿ ಇದೆ. ಪ್ರವೇಶ ಪರೀಕ್ಷೆ ಕಠಿಣ, ನಿಜ. ಆದರೆ ಅದು ಕೇಳುವುದು ಲೆಕ್ಕವನ್ನು, ಜಾತಕವನ್ನಲ್ಲ. ವರ್ಷಕ್ಕೊಮ್ಮೆ ‘ಓಪನ್ ಡೇ’ ದಿನ ಪ್ರಯೋಗಾಲಯಗಳನ್ನು ಜನರಿಗೆ ತೆರೆದು ತೋರಿಸುತ್ತಾರೆ. ಅವತ್ತು ಮಕ್ಕಳನ್ನು ಕರೆದುಕೊಂಡು ಹೋಗಿ. ಉಪಕರಣದ ಪಕ್ಕ ನಿಂತು ವಿವರಿಸುವ ಹುಡುಗ ಹುಡುಗಿಯರನ್ನು ಅವರೇ ಮಾತನಾಡಿಸಲಿ. ತೀರ್ಮಾನ ಆಮೇಲೆ.