ಆಟದ ಪೀರಿಯಡ್ ಊಟಕ್ಕೆ ಮುಂಚೆ ಇರಲಿ

ಮಕ್ಕಳೇ, ನಿಮ್ಮ ಶಾಲೆಯ ವೇಳಾಪಟ್ಟಿ ನೋಡಿ. ಆಟದ ಪೀರಿಯಡ್ ಕೊನೆಯಲ್ಲಿದೆಯೇ? ಅದು ಮಧ್ಯಾಹ್ನದ ಊಟಕ್ಕೆ ಮುಂಚೆ ಇರಬೇಕು ಎಂಬುದು ನನ್ನ ಅಭಿಪ್ರಾಯ. ಏಕೆ ಗೊತ್ತೇ?

ಹಾಲು, ರಾಗಿಯಲ್ಲಿರುವ ಕ್ಯಾಲ್ಸಿಯಂ ಅನ್ನು ಕರುಳು ಚೆನ್ನಾಗಿ ಹೀರಿಕೊಳ್ಳಲು ವಿಟಮಿನ್ ಡಿ ಬೇಕು. ಅದು ತೀರಾ ಕಡಿಮೆಯಾದರೆ ಬೆಳೆಯುವ ಮೂಳೆಗಳು ಮೆತ್ತಗಾಗಿ ಕಾಲುಗಳು ಬಾಗುತ್ತವೆ. ಇದೇ ರಿಕೆಟ್ಸ್ ರೋಗ. 1919ರಲ್ಲಿ ಬರ್ಲಿನ್ನಿನ ವೈದ್ಯ ಕುರ್ಟ್ ಹುಲ್ಡ್‌ಶಿನ್ಸ್ಕಿ ಅತಿನೇರಳೆ ಕಿರಣ ಬೀರುವ ದೀಪದಿಂದ ಇಂಥ ಮಕ್ಕಳನ್ನು ಗುಣಪಡಿಸಿದರು. ನಮಗೆ ಆ ದೀಪವೇಕೆ? ಬಿಸಿಲಿನಲ್ಲೇ ಆ ಕಿರಣಗಳಿವೆ. ಅವು ಬಿದ್ದಾಗ ಚರ್ಮವೇ ವಿಟಮಿನ್ ಡಿ ತಯಾರಿಸುತ್ತದೆ.

ಆದರೆ ಎಲ್ಲ ಹೊತ್ತಿನ ಬಿಸಿಲೂ ಒಂದೇ ಅಲ್ಲ. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಈ ಕಿರಣ ಹೆಚ್ಚು, ಉದ್ದವಾಗಿದ್ದರೆ ಕಡಿಮೆ. ಆದ್ದರಿಂದ ಬಿರುಬೇಸಿಗೆ ಬಿಟ್ಟು ಉಳಿದ ದಿನಗಳಲ್ಲಿ ಊಟಕ್ಕೆ ಮುಂಚಿನ ಆಟವೇ ಒಳ್ಳೆಯದು.

ಮನೆಯಲ್ಲಿ ಪುಟ್ಟ ಪಾಪು ಇದೆಯೇ? ಅದನ್ನು ಸುಡುಬಿಸಿಲಿಗೆ ಒಯ್ಯಬೇಡಿ. ಎದೆಹಾಲು ಶ್ರೇಷ್ಠ ಆಹಾರ, ಆದರೆ ಅದರಲ್ಲಿ ವಿಟಮಿನ್ ಡಿ ಬಹಳ ಕಡಿಮೆ. ಮೊದಲ ವರ್ಷ ದಿನಕ್ಕೆ 400 ಯೂನಿಟ್‌ನಷ್ಟು ಹನಿ ಹಾಕಬೇಕೆಂಬುದು ಮಕ್ಕಳ ವೈದ್ಯರ ಸಲಹೆ. ಈ ಬಗ್ಗೆ ಆಸ್ಪತ್ರೆಯಲ್ಲಿ ಕೇಳಲು ಅಮ್ಮನಿಗೆ ಹೇಳಿ.

ನಾಳೆ ಹನ್ನೆರಡಕ್ಕೊಮ್ಮೆ, ನಾಲ್ಕಕ್ಕೊಮ್ಮೆ ನಿಮ್ಮ ನೆರಳನ್ನು ಅಳೆಯಿರಿ. ಆ ಲೆಕ್ಕವನ್ನು ಮುಖ್ಯೋಪಾಧ್ಯಾಯರಿಗೆ ತೋರಿಸಿ, ಆಟದ ಪೀರಿಯಡ್ ಬದಲಿಸಲು ಕೇಳಿ.