ಗೇಟಿನಿಂದ ವಾಪಸ್ ಹೋದವರ ಲೆಕ್ಕ ಯಾರ ಹತ್ತಿರ ಇದೆ?

ಸಿದ್ದಾಪುರ ಅಂದರೆ ಇಲ್ಲಿ ಉತ್ತರ ಕನ್ನಡದ ತಾಲ್ಲೂಕಲ್ಲ, ಕೊಡಗಿನ ಕಾಫಿ ತೋಟದ ಊರೂ ಅಲ್ಲ. ಬೆಂಗಳೂರಿನ ಲಾಲ್‌ಬಾಗ್ ಪಕ್ಕ, ಜಯನಗರಕ್ಕೂ ವಿಲ್ಸನ್ ಗಾರ್ಡನ್ನಿಗೂ ನಡುವೆ ಇರುವ ಸಿದ್ದಾಪುರ. ಹೆಸರು ಗೊತ್ತಿಲ್ಲದಿದ್ದರೂ ನಿಮ್ಮಲ್ಲಿ ತುಂಬಾ ಜನ ಅದರ ಆಸುಪಾಸಿನಲ್ಲಿ ಓಡಾಡಿರುತ್ತೀರಿ. ಕ್ಯಾನ್ಸರಿಗೆ ಕಿದ್ವಾಯಿ, ತಲೆಗೆ ಪೆಟ್ಟಾದರೆ ನಿಮ್ಹಾನ್ಸ್, ಮೂಳೆ ಮುರಿದರೆ ಸಂಜಯ್ ಗಾಂಧಿ, ಶ್ವಾಸಕೋಶಕ್ಕೆ ರಾಜೀವ್ ಗಾಂಧಿ ಎದೆರೋಗ ಆಸ್ಪತ್ರೆ, ಮಕ್ಕಳಿಗೆ ಇಂದಿರಾ ಗಾಂಧಿ. ಎಲ್ಲಾ ಅಲ್ಲೇ ಹತ್ತಿರದಲ್ಲಿವೆ. ಸ್ವಲ್ಪ ಆಚೆ ಹೋದರೆ ಜಯನಗರ ಜನರಲ್ ಆಸ್ಪತ್ರೆ, ಬನ್ನೇರುಘಟ್ಟ ರಸ್ತೆಯಲ್ಲಿ ಜಯದೇವ. ರಾಯಚೂರಿನವರು, ಚಾಮರಾಜನಗರದವರು, ಗಡಿ ದಾಟಿ ಬಂದ ಆಂಧ್ರ, ತಮಿಳುನಾಡಿನವರು ಎಲ್ಲರೂ ಕೊನೆಗೆ ಬಂದು ನಿಲ್ಲುವುದು ಈ ಗೇಟುಗಳ ಮುಂದೆ.

ಈ ಆಸ್ಪತ್ರೆಗಳನ್ನು ಬೈಯುವುದಕ್ಕೆ ಇದನ್ನು ಬರೆಯುತ್ತಿಲ್ಲ. ಅವು ಇಲ್ಲದಿದ್ದರೆ ಊರಲ್ಲಿ ಎಷ್ಟೋ ಜನ ಇವತ್ತು ಬದುಕಿರುತ್ತಿರಲಿಲ್ಲ. ನಮ್ಮ ಜಗಳ ಇರುವುದು ಆಸ್ಪತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆಯಾ ಇಲ್ಲವಾ ಅಂತ ಅಳೆಯುವ ಅಳತೆಗೋಲಿನ ಜೊತೆ. ಅದನ್ನು ಮಾಡಿದವರು ಕಟ್ಟಡದ ಒಳಗೆ ಕೂತು ಮಾಡಿದ್ದಾರೆ. ಗೇಟಿನ ಹೊರಗೆ ನಿಂತವರು ಅದರಲ್ಲಿ ಕಾಣುವುದೇ ಇಲ್ಲ.

ಮೊದಲು 'ಬೆಡ್ ಆಕ್ಯುಪೆನ್ಸಿ' ಅನ್ನುವುದನ್ನು ನೋಡಿ. ನೂರು ಹಾಸಿಗೆಯಲ್ಲಿ ತೊಂಬತ್ತೈದು ತುಂಬಿದ್ದರೆ ಶೇ. 95. ಆಡಳಿತದವರಿಗೆ ಇದು ಖುಷಿಯ ಸಂಖ್ಯೆ: ಆಸ್ಪತ್ರೆಯ ದುಡ್ಡು ದಂಡವಾಗುತ್ತಿಲ್ಲ, ಹಾಸಿಗೆ ಖಾಲಿ ಬಿದ್ದಿಲ್ಲ. ಆದರೆ ಹೊಸಬರಿಗೆ ಐದೇ ಹಾಸಿಗೆ ಉಳಿದಿವೆ. ರಾತ್ರಿ ಹನ್ನೊಂದಕ್ಕೆ ಆರನೇ ಆಂಬುಲೆನ್ಸ್ ಬಂದರೆ "ಬೆಡ್ ಇಲ್ಲ, ಬೇರೆ ಕಡೆ ನೋಡಿ" ಅನ್ನುತ್ತಾರೆ. ಆ ಆರನೆಯವರ ಹೆಸರು ಅಡ್ಮಿಷನ್ ಲೆಕ್ಕಕ್ಕೆ ಬರಲ್ಲ, ಸತ್ತರೆ ಆ ಆಸ್ಪತ್ರೆಯ ಸಾವಿನ ಲೆಕ್ಕಕ್ಕೂ ಬರಲ್ಲ. ಶೇ. 95 ಮಾತ್ರ ವರದಿಯಲ್ಲಿ ಹಾಗೇ ಹೊಳೆಯುತ್ತಿರುತ್ತದೆ.

ಎರಡನೆಯದು, ಸರಾಸರಿ ಎಷ್ಟು ದಿನ ರೋಗಿಯನ್ನು ಇಟ್ಟುಕೊಂಡರು ಅನ್ನುವುದು. ಒಂದು ಉದಾಹರಣೆ ಲೆಕ್ಕ ಹಾಕೋಣ. ತೊಂಬತ್ತು ಹಾಸಿಗೆ ಯಾವಾಗಲೂ ತುಂಬಿರುವ ವಾರ್ಡು. ಒಬ್ಬೊಬ್ಬರೂ ಒಂಬತ್ತು ದಿನ ಇದ್ದರೆ ದಿನಕ್ಕೆ ಹತ್ತು ಜನಕ್ಕೆ ಜಾಗ. ಆರೇ ದಿನಕ್ಕೆ ಕಳಿಸಿದರೆ ದಿನಕ್ಕೆ ಹದಿನೈದು ಜನಕ್ಕೆ. ದಕ್ಷತೆ ಹೆಚ್ಚಾಯಿತು ಅನ್ನುತ್ತಾರೆ, ಅದು ನಿಜವೂ ಹೌದು, ಹೊರಗೆ ಕಾಯುವವರಿಗೆ ಒಳ್ಳೆಯದೂ ಹೌದು. ಆದರೆ ಉಳಿದ ಮೂರು ದಿನದ ಕೆಲಸ ಮಾಯ ಆಗುವುದಿಲ್ಲ. ಡ್ರೆಸ್ಸಿಂಗ್ ಬದಲಾಯಿಸಬೇಕು, ಹೊಲಿಗೆ ಬಿಚ್ಚಿಸಬೇಕು, ಜ್ವರ ಬಂದರೆ ನೋಡಬೇಕು. ಅದನ್ನೆಲ್ಲ ಧರ್ಮಶಾಲೆಯ ಚಾಪೆಯ ಮೇಲೆ, ಲಾಡ್ಜ್ ರೂಮಿನಲ್ಲಿ, ಇಲ್ಲವೇ ಊರಿನ ಹಜಾರದಲ್ಲಿ ಮನೆಯ ಹೆಂಗಸರು ಮಾಡುತ್ತಾರೆ. ಸ್ಟಾಫ್ ನರ್ಸ್ ಕೆಲಸವನ್ನು ಹೆಂಡತಿಯೋ ಸೊಸೆಯೋ ಸಂಬಳವಿಲ್ಲದೆ ಮಾಡಿದರೆ ಆಸ್ಪತ್ರೆಯ ಖರ್ಚು ಇಳಿಯದೆ ಇನ್ನೇನು?

ಮೂರನೆಯದು ಓಪಿಡಿ. ಒಬ್ಬ ಡಾಕ್ಟರು ಐದು ಗಂಟೆಯಲ್ಲಿ ನೂರು ಜನರನ್ನು ನೋಡಿದರೆ ತಲೆಗೆ ಮೂರು ನಿಮಿಷ. ಅದರಲ್ಲಿ ಒಳಗೆ ಬಂದು ಕೂರುವುದು, ಚೀಟಿ ಬರೆಯುವುದು, ಎದ್ದು ಹೋಗುವುದು ಎಲ್ಲಾ ಸೇರಿತು. ಹಿಂದಿನ ಸಂಜೆ ಬಸ್ಸು ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಕೌಂಟರಿನಲ್ಲಿ ನಿಂತು ಬಂದವರಿಗೆ ಸಿಕ್ಕಿದ್ದು ಆ ಮೂರು ನಿಮಿಷ. ಡಾಕ್ಟರ ತಪ್ಪು ಅಂತ ಹೇಳುತ್ತಿಲ್ಲ, ಅವರೂ ಊಟ ಬಿಟ್ಟು ಕೂತಿರುತ್ತಾರೆ. ಆದರೆ ಇದನ್ನು 'ಉತ್ಪಾದಕತೆ' ಅಂತ ಕರೆಯುತ್ತಾರಲ್ಲ, ಅದು ಸರಿಯಲ್ಲ.

ಇದು ನಮ್ಮ ಊಹೆ ಅನ್ನಬೇಡಿ. ನೀತಿ ಆಯೋಗ 2021ರ ಸೆಪ್ಟೆಂಬರ್‌ನಲ್ಲಿ ದೇಶದ 707 ಜಿಲ್ಲಾ ಆಸ್ಪತ್ರೆಗಳ ಸಾಧನೆ ಅಳೆದು ದೊಡ್ಡ ವರದಿ ತಂದಿತು. ಅಂಕಿಅಂಶ 2017–18ರದು. ಅಳತೆಗಳು ಹತ್ತು: ಲಕ್ಷ ಜನಕ್ಕೆ ಎಷ್ಟು ಹಾಸಿಗೆ, ಡಾಕ್ಟರು–ನರ್ಸುಗಳ ಪ್ರಮಾಣ, ಯಾವ ಯಾವ ಸೇವೆ, ಯಾವ ಪರೀಕ್ಷೆ ಇದೆ, ಹಾಸಿಗೆ ಎಷ್ಟು ತುಂಬಿದೆ, ಸಿಸೇರಿಯನ್ ಎಷ್ಟು, ಆಪರೇಷನ್ ಎಷ್ಟು, ಡಾಕ್ಟರಿಗೆ ತಲಾ ಎಷ್ಟು ಓಪಿಡಿ, ಹೀಗೆ. ಲಕ್ಷ ಜನಕ್ಕೆ ಸರಾಸರಿ 24 ಹಾಸಿಗೆ ಇವೆ, 22 ಇದ್ದರೆ ಸಾಕು ಎಂಬ ಮಾನದಂಡಕ್ಕಿಂತ ಜಾಸ್ತಿ ಎಂದಿತು. ಹತ್ತರಲ್ಲಿ ಒಂದು ಮಾತ್ರ ನಮ್ಮ ಕಷ್ಟದ ಹತ್ತಿರ ಬಂದಿದೆ: ಬ್ಲಡ್ ಬ್ಯಾಂಕಿನ ರಕ್ತಕ್ಕೆ ಬದಲು ರಕ್ತವನ್ನು ಮನೆಯವರೇ ತುಂಬಿಕೊಡಬೇಕಾದದ್ದು ಎಷ್ಟು ಅನ್ನುವುದು. ರೋಗಿ ಎಷ್ಟು ದಿನ ಕಾದ, ಎಷ್ಟು ಜನರನ್ನು ವಾಪಸ್ ಕಳಿಸಿದರು, ಮನೆಗೆ ಹೋದ ಆರು ತಿಂಗಳ ಮೇಲೆ ನಡೆದಾಡುತ್ತಿದ್ದಾನಾ ಅನ್ನುವುದಕ್ಕೆ ಆ ಹತ್ತರಲ್ಲಿ ಜಾಗವಿಲ್ಲ.

ಭಾಗಾಕಾರದಲ್ಲಿ ಕೆಳಗೆ ಏನು ಹಾಕುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಇದಕ್ಕೊಂದು ಹಳೇ ಕಥೆ ಇದೆ. 1863ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ತಮ್ಮ ಆಸ್ಪತ್ರೆಗಳ ಪುಸ್ತಕದಲ್ಲಿ ಲಂಡನ್ನಿನ 24 ಆಸ್ಪತ್ರೆಗಳ ಸಾವಿನ ಪ್ರಮಾಣ ಶೇ. 90ಕ್ಕೂ ಹೆಚ್ಚು ಅಂತ ಅಚ್ಚು ಹಾಕಿಸಿದರು. ಡಾಕ್ಟರುಗಳು ಕೆಂಡವಾದರು. ಯಾಕೆಂದರೆ ಇಡೀ ವರ್ಷದ ಸಾವನ್ನು ಒಂದೇ ಒಂದು ದಿನ ಒಳಗಿದ್ದ ರೋಗಿಗಳ ಸಂಖ್ಯೆಯಿಂದ ಭಾಗಿಸಿದ್ದರು. ಅಷ್ಟು ದೊಡ್ಡ ಹೆಣ್ಣುಮಗಳ ಪುಸ್ತಕದಲ್ಲೇ ಹೀಗಾಗುತ್ತದೆ. ಇವತ್ತು ನಮ್ಮಲ್ಲಿ ಆಗುತ್ತಿರುವುದು ಅದರ ಉಲ್ಟಾ. ಒಳಗೆ ಬಂದವರನ್ನಷ್ಟೇ ಕೆಳಗೆ ಹಾಕಿ ಭಾಗಿಸಿದರೆ ಯಾವ ಆಸ್ಪತ್ರೆಯೂ ಚೆನ್ನಾಗಿಯೇ ಕಾಣುತ್ತದೆ.

ಲೆಕ್ಕದ ಆಟ ಎಲ್ಲಿಗೆ ಹೋಗುತ್ತದೆ ಅಂತ ಚಾಮರಾಜನಗರದವರಿಗೆ ಯಾರೂ ಹೇಳಿಕೊಡಬೇಕಿಲ್ಲ. 2021ರ ಮೇ 2ರ ರಾತ್ರಿಯಿಂದ ಮರುದಿನದ ಬೆಳಗಿನೊಳಗೆ ಅಲ್ಲಿನ ಜಿಲ್ಲಾಸ್ಪತ್ರೆಯಲ್ಲಿ 24 ಜನ ತೀರಿಕೊಂಡರು. ಆಕ್ಸಿಜನ್ ಇಲ್ಲದೆ ಸತ್ತವರು ಮೂವರೇ ಅಂತ ಆಗಿನ ಆರೋಗ್ಯ ಸಚಿವರು ಹೇಳಿದರು. ಹೈಕೋರ್ಟ್ ನೇಮಿಸಿದ ಸಮಿತಿ ಆ ಲೆಕ್ಕ ಒಪ್ಪಲಿಲ್ಲ. ಸಾವು ನಡೆದದ್ದು ಒಂದೇ ಕಟ್ಟಡದಲ್ಲಿ. ಆದರೂ ಎಣಿಸುವವರು ಯಾರು ಅನ್ನುವುದರ ಮೇಲೆ ಸಂಖ್ಯೆ ಬದಲಾಯಿತು.

ಸರಿಯಾಗಿ ಎಣಿಸಿದರೆ ಏನಾಗುತ್ತದೆ ಅನ್ನುವುದಕ್ಕೂ ಉದಾಹರಣೆ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತರು. ಗಲಾಟೆ ಆದಮೇಲೆ ರಾಜ್ಯ ಸರ್ಕಾರ ಆ ವರ್ಷ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಸತ್ತ 464 ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲನೆ ಮಾಡಿಸಿತು. ಶೇ. 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಅಂತ ಹೊರಬಂತು. 18 ಸಾವುಗಳಲ್ಲಿ ರಿಂಗರ್ ಲ್ಯಾಕ್ಟೇಟ್ ಡ್ರಿಪ್ಪಿನ ಮೇಲೆ ಅನುಮಾನ ಬಂತು. ಶೇಕಡಾವಾರು ನೋಡುತ್ತಾ ಕೂತಿದ್ದರೆ ಇದು ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಒಬ್ಬೊಬ್ಬ ಹೆಂಗಸಿನ ಕೇಸ್ ಶೀಟ್ ತೆಗೆದು, ಯಾವಾಗ ಬಂದಳು, ಎಷ್ಟು ಹೊತ್ತಿಗೆ ಯಾರು ನೋಡಿದರು ಅಂತ ಕೇಳಿದ್ದರಿಂದ ಗೊತ್ತಾಯಿತು. ಬೇಜಾರೆಂದರೆ, ಬಳ್ಳಾರಿ ಆಗುವವರೆಗೆ ಇಷ್ಟು ಜೋರಾಗಿ ಯಾರೂ ಕೇಳಲಿಲ್ಲ.

"ಹಳ್ಳಿಯವರ ಕಷ್ಟ ಅಳೆಯುವುದು ಹೇಗೆ, ಅದೆಲ್ಲ ಆಗದ ಮಾತು" ಅನ್ನುವವರಿಗೆ ಹೃದಯ ಜ್ಯೋತಿ ತೋರಿಸಿ. ಹೃದಯಾಘಾತದಲ್ಲಿ ಆಸ್ಪತ್ರೆ ಬಾಗಿಲಿಗೆ ಬಂದ 90 ನಿಮಿಷದೊಳಗೆ ಮುಚ್ಚಿದ ರಕ್ತನಾಳ ತೆರೆಯಬೇಕು ಅನ್ನುವುದು ಜಗತ್ತಿನ ಎಲ್ಲಾ ಕಡೆ ಇರುವ ಅಳತೆ. ಜಯದೇವದ ಗೇಟಿನಿಂದ ಗಡಿಯಾರ ಶುರು ಮಾಡಿದರೆ 90 ನಿಮಿಷ ಕಷ್ಟವೇನಲ್ಲ. ಆದರೆ ಹನೂರಿನ ರೈತನ ಗಡಿಯಾರ ಹೊಲದಲ್ಲೇ ಶುರುವಾಗಿರುತ್ತದೆ. ಪುನೀತ್ ರಾಜಕುಮಾರ್ ಹೆಸರಿನ ಈ ಯೋಜನೆ ಅದನ್ನು ಒಪ್ಪಿಕೊಂಡಿತು. ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ, ಅದನ್ನು ದೂರದಲ್ಲಿ ಕೂತ ಹೃದ್ರೋಗ ತಜ್ಞರು ನೋಡಿ ಹೇಳುವುದು, ಬೇಕಾದರೆ ಅಲ್ಲೇ ರಕ್ತ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಬಿಟ್ಟಿ. ಎದೆನೋವಿಗೆ ಆಗುವುದಾದರೆ ಮುರಿದ ಸೊಂಟಕ್ಕೆ, ಗಡ್ಡೆಗೆ, ಮಗುವಿನ ಉಬ್ಬಸಕ್ಕೆ ಯಾಕೆ ಆಗಲ್ಲ?

ಖಾಸಗಿಯವರ ಒಂದು ಮಾತನ್ನೂ ಇಲ್ಲಿ ಹೇಳಬೇಕು. 2017ರಲ್ಲಿ ಕೆಪಿಎಂಇ ಕಾಯ್ದೆ ತಿದ್ದುಪಡಿ ಬಂದಾಗ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದರು. ಆ ಮುಷ್ಕರದಿಂದ ಜನಕ್ಕೆ ಆದ ತೊಂದರೆ ಮರೆಯುವಂಥದ್ದಲ್ಲ. ಆದರೆ ಅವರ ಒಂದು ಪ್ರಶ್ನೆ ನ್ಯಾಯವಾಗಿತ್ತು: ರೋಗಿಯ ಹಕ್ಕು, ದೂರು ಕೇಳುವ ವ್ಯವಸ್ಥೆ ನಮಗೆ ಮಾತ್ರ ಯಾಕೆ, ಸರ್ಕಾರಿ ಆಸ್ಪತ್ರೆಗೆ ಯಾಕಿಲ್ಲ? ಸರ್ಕಾರ ಅದಕ್ಕೆ ಸರಿಯಾದ ಉತ್ತರ ಕೊಡಲಿಲ್ಲ.

ರೇಷನ್ ಕಾರ್ಡಿಗೆ, ಜಾತಿ ಸರ್ಟಿಫಿಕೇಟಿಗೆ ಇಷ್ಟು ದಿನದಲ್ಲಿ ಕೊಡಬೇಕು ಅಂತ ಸಕಾಲ ಕಾಯ್ದೆ 2011ರಲ್ಲೇ ಬಂದಿದೆ. ಅರ್ಜಿ ಕೊಟ್ಟರೆ ನಂಬರು ಸಿಗುತ್ತದೆ, ತಡವಾದರೆ ಕೇಳಬಹುದು. ಎಂಆರ್‌ಐ ಡೇಟಿಗೆ, ಆಪರೇಷನ್ ಡೇಟಿಗೆ ಅಂಥದೇ ನಂಬರು ಬೇಕು. ಗೇಟಿನಲ್ಲಿ ಬೆಡ್ ಇಲ್ಲ ಅಂದವರು ಒಂದು ಚೀಟಿ ಕೊಡಬೇಕು: ಎಷ್ಟು ಗಂಟೆಗೆ ಬಂದರು, ಯಾಕೆ ಕಳಿಸಿದರು, ಎಲ್ಲಿಗೆ ಕಳಿಸಿದರು, ಅಲ್ಲಿ ಬೆಡ್ ಇದೆ ಅಂತ ಫೋನ್ ಮಾಡಿ ಕೇಳಿದ್ದಾರಾ. ಆಯುಷ್ಮಾನ್ ಕಾರ್ಡಿನಲ್ಲಿ ದೊಡ್ಡ ಚಿಕಿತ್ಸೆ ಬೇಕಾದರೆ ನಮ್ಮ ಹತ್ತಿರ ರೆಫರಲ್ ಲೆಟರ್ ಕೇಳುತ್ತಾರೆ. ವಾಪಸ್ ಕಳಿಸುವವರ ಹತ್ತಿರ ನಾವೂ ಲೆಟರ್ ಕೇಳೋಣ.

ಅಲ್ಲಿಯವರೆಗೆ ಕೈಯಲ್ಲಿರುವುದು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, ಬಿಪಿಎಲ್‌ನವರಿಗೆ ಅದೂ ಇಲ್ಲ, ಮೂವತ್ತು ದಿನದಲ್ಲಿ ಉತ್ತರ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಹಾಗಾಗಿ ಉದ್ದ ಬರೆಯಬೇಡಿ. ನೀವು ಹೋಗುವ ಸರ್ಕಾರಿ ಆಸ್ಪತ್ರೆಯ ಮಾಹಿತಿ ಅಧಿಕಾರಿಗೆ ಇಷ್ಟೇ ಕೇಳಿ: "ಕಳೆದ ಮೂರು ತಿಂಗಳಲ್ಲಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಬಂದು, ಹಾಸಿಗೆ ಇಲ್ಲದ ಕಾರಣ ಬೇರೆಡೆಗೆ ಕಳುಹಿಸಲಾದ ರೋಗಿಗಳ ಸಂಖ್ಯೆಯನ್ನು ದಿನವಾರು ನೀಡಿ." ಲೆಕ್ಕವೇ ಇಟ್ಟಿಲ್ಲ ಅಂತ ಬಂದರೆ ಆ ಉತ್ತರದ ಫೋಟೋ ತೆಗೆದು ನಮಗೆ ಕಳಿಸಿ, ಹೆಸರು ಮುಚ್ಚಿ ಇಲ್ಲೇ ಹಾಕುತ್ತೇವೆ.